ಬಿಡುಗಡೆಯಾದರು, ಕಳಂಕ ಕಳೆಯಲಿಲ್ಲ: ಕೊಳ್ಳೇಗಾಲದ ಕಾಡಂಚಿನ ಟಾಡಾ ಪ್ರಕರಣಗಳು

ಕೊಳ್ಳೇಗಾಲದಿಂದ ಹೊರಟ ರಸ್ತೆ ಮಧುವನಹಳ್ಳಿ, ಕಾಮಗೆರೆ, ಹನೂರು, ಕೌದಳ್ಳಿಗಳನ್ನು ದಾಟಿ ಮಲೆ ಮಹದೇಶ್ವರ ಬೆಟ್ಟ ಹತ್ತಿ, ಆಚೆಗೆ ಪಾಲಾರಿಗೆ ಇಳಿಯುತ್ತದೆ. ಮಾದಪ್ಪನ ಪರಿಷೆಗೆ ನಡೆದು ಹೋಗುವವರ ದಾರಿಯಿದು. 1990ರ ದಶಕದಲ್ಲಿ ಕಾಡುಗಳ್ಳ ವೀರಪ್ಪನ್ ಬೇಟೆಗೆಂದು ಬಂದ ವಿಶೇಷ ಕಾರ್ಯಪಡೆಯ ಜೀಪುಗಳೂ ಇದೇ ಸೀಮೆಯಲ್ಲಿ ಓಡಾಡಿದವು. ಕಾಡಂಚಿನ ಹಳ್ಳಿಗಳಿಂದ ಹಿಡಿದು ತರಲಾದವರು ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯ ಆರೋಪಿಗಳಾಗಿ ಮೈಸೂರು ಜೈಲು ಸೇರಿದರು. ನಿರಪರಾಧಿಗಳನ್ನು ಜೈಲಿನಿಂದ ಬಿಡಿಸುವ ಸಂಘಸಂಸ್ಥೆಗಳ ಕೆಲಸಕ್ಕೆ ಕನ್ನಡ ನಾಡಿನಲ್ಲಿ ಒಂದು ಚರಿತ್ರೆಯಿದ್ದರೆ, ಅದರ ಬಹುಮುಖ್ಯ ಅಧ್ಯಾಯ ಇಲ್ಲಿದೆ. ಆ ಅಧ್ಯಾಯ ತೋರಿಸುವುದು ಇಷ್ಟು: ಇಲ್ಲಿ ಅನ್ಯಾಯ ನಡೆದದ್ದು ತೀರ್ಪಿಗಿಂತ ಬಹಳ ಮೊದಲೇ, ತಪ್ಪೊಪ್ಪಿಗೆಯ ಕಾಗದದ ಮೇಲೆ. ಜನ ಹೊರಗೆ ಬಂದರು, ಆದರೆ ಅವರ ಮೇಲಿನ ಕಳಂಕವನ್ನು ಯಾರೂ ತೊಡೆಯಲಿಲ್ಲ.

ಈ ಕ್ಷೇತ್ರದಲ್ಲಿ ಎಲ್ಲರೂ ಮೊದಲು ಹೆಸರಿಸುವುದು 1992ರಲ್ಲಿ ಬ್ಯಾರಿ ಶೆಕ್ ಮತ್ತು ಪೀಟರ್ ನ್ಯೂಫೆಲ್ಡ್ ನ್ಯೂಯಾರ್ಕಿನ ಕಾರ್ಡೋಜೊ ಕಾನೂನು ಶಾಲೆಯಲ್ಲಿ ಆರಂಭಿಸಿದ ಇನೊಸೆನ್ಸ್ ಪ್ರಾಜೆಕ್ಟನ್ನು. ಶಿಕ್ಷೆಯಾದ ಮೇಲೆ ಹಳೆಯ ರಕ್ತದ ಕಲೆ, ಕೂದಲುಗಳನ್ನು ಡಿಎನ್‌ಎ ಪರೀಕ್ಷೆಗೆ ಒಡ್ಡಿ ಅಪರಾಧಿ ಬೇರೊಬ್ಬನೆಂದು ತೋರಿಸುವುದು ಅದರ ಕ್ರಮ. ಈ ಅಳತೆಗೋಲು ಹಿಡಿದು ಹನೂರಿನ ಕಡೆ ನೋಡಿದರೆ ಏನೂ ಕಾಣುವುದಿಲ್ಲ. ನಮ್ಮಲ್ಲಿ ಪರೀಕ್ಷೆಗೆ ಒಡ್ಡಲು ರಕ್ತವೂ ಇರಲಿಲ್ಲ, ಕೂದಲೂ ಇರಲಿಲ್ಲ. ಇದ್ದದ್ದು ಹೇಳಿಕೆ. 1987ರ ಟಾಡಾ ಕಾಯ್ದೆಯ 15ನೇ ಕಲಂ, ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪಿತು. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆ ಕಟ್ಟಿದ್ದ ಗೋಡೆ ಅಲ್ಲಿಗೆ ಬಿತ್ತು. ಆ ಹೇಳಿಕೆಯ ಕೊನೆಯಲ್ಲಿ ಅಧಿಕಾರಿ ತನ್ನ ಕೈಯಾರೆ ಒಂದು ದೃಢೀಕರಣ ಬರೆಯಬೇಕಿತ್ತು: ಒಪ್ಪಿಕೊಳ್ಳುವ ನಿರ್ಬಂಧವಿಲ್ಲವೆಂದು ತಿಳಿಸಿದ್ದೇನೆ, ಈತ ಸ್ವಇಚ್ಛೆಯಿಂದ ಹೇಳಿದ್ದಾನೆಂದು ನಂಬಿದ್ದೇನೆ, ಓದಿ ಹೇಳಲಾಗಿದೆ, ಸರಿಯೆಂದು ಒಪ್ಪಿದ್ದಾನೆ. ಬರೆದದ್ದು ಏನೆಂದು ತಾನೇ ಓದಲಾರದ ಕೂಲಿಕಾರನ ಹೆಬ್ಬೆಟ್ಟಿನ ಪಕ್ಕದಲ್ಲಿ ಈ ನಾಲ್ಕು ಮಾತು ಬಿದ್ದರೆ, ಅವನ ಮುಂದಿನ ಬದುಕು ಆ ಹಾಳೆಯ ಪಾಲಾಯಿತು. ಜಾಮೀನಿಗೆ 20ನೇ ಕಲಂ ಅಡ್ಡ ನಿಂತಿತ್ತು. 19ನೇ ಕಲಂ ಪ್ರಕಾರ ಮೇಲ್ಮನವಿ ನೇರ ಸುಪ್ರೀಂ ಕೋರ್ಟಿಗೆ. ಬೆಂಗಳೂರಿನ ಹೈಕೋರ್ಟಿಗೆ ಹೋಗುವಂತಿರಲಿಲ್ಲ. ಮಾರ್ಟಳ್ಳಿಯ ಕಡೆಯ ಕೂಲಿ ಕುಟುಂಬಕ್ಕೆ ಮೈಸೂರೇ ದೂರ. ದೆಹಲಿಯ ವಕೀಲರನ್ನು ಹಿಡಿಯುವ ದಾರಿ ಅವರಿಗೆ ಎಲ್ಲಿತ್ತು?

ಪೊಲೀಸರ ಕಡೆಯ ದುಃಖ ಸಣ್ಣದಲ್ಲ. 1992ರಲ್ಲಿ ರಾಮಾಪುರ ಠಾಣೆಯ ಮೇಲೆ ದಾಳಿ ನಡೆದು ಪೊಲೀಸರು ಸತ್ತರು. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹ್ಮದ್ ಹತರಾದರು. 1993ರ ಏಪ್ರಿಲ್ 9ರ ಪಾಲಾರ್ ನೆಲಬಾಂಬ್ ಸ್ಫೋಟ 22 ಜನರನ್ನು ಬಲಿ ತೆಗೆದುಕೊಂಡಿತು. ಇಷ್ಟು ಕ್ರೌರ್ಯದ ಎದುರು ಸಾಮಾನ್ಯ ಕಾನೂನು ಸಾಲುತ್ತಿತ್ತೇ ಎಂದು ಕೇಳುವವರು ನ್ಯಾಯವಾದ ಪ್ರಶ್ನೆಯನ್ನೇ ಕೇಳುತ್ತಾರೆ. ಆದರೆ ವೀರಪ್ಪನ್ ಸಿಕ್ಕಲಿಲ್ಲ. ಸಿಕ್ಕಿದವರು ಅವನಿಗೆ ಅಕ್ಕಿ ಕೊಟ್ಟರೆಂದೋ ದಾರಿ ತೋರಿಸಿದರೆಂದೋ ಅನುಮಾನಕ್ಕೆ ಬಿದ್ದವರು. ಕೋವಿ ಹಿಡಿದವನು ಬಾಗಿಲಿಗೆ ಬಂದಾಗ ಅಕ್ಕಿ ಕೊಡುವುದು ಒಳಸಂಚೋ ಪ್ರಾಣಭಯವೋ ಎಂದು ತೂಗಿ ನೋಡುವ ಕೆಲಸ ನ್ಯಾಯಾಲಯದ್ದು. ಆ ಕೆಲಸಕ್ಕೆ ಎಂಟು ವರ್ಷ ಹಿಡಿಯಿತು.

ಈ ಎಂಟು ವರ್ಷಗಳಲ್ಲಿ ಹಕ್ಕುಗಳ ಸಂಘಟನೆಗಳು ಮಾಡಿದ್ದು ಸಾಕ್ಷ್ಯ ಸಂಗ್ರಹದ ಕೆಲಸ. ಪಿಯುಸಿಎಲ್, ಮಧುರೈನ ಸೋಕೋ ಟ್ರಸ್ಟ್‌ನಂಥ ಸಂಸ್ಥೆಗಳು ಗಡಿಯ ಎರಡೂ ಬದಿಯ ಸಂತ್ರಸ್ತರ ಮಾತನ್ನು ಹೊರಜಗತ್ತಿಗೆ ಮುಟ್ಟಿಸಿದವು. ಗಡಿ ಎಂಬುದು ಇಲ್ಲಿ ತೆಳುವಾದ ಗೆರೆ. 1956ರವರೆಗೆ ಕೊಳ್ಳೇಗಾಲವೇ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ನೆಂಟಸ್ತಿಕೆ ಈಗಲೂ ಎರಡೂ ಕಡೆ ಹರಡಿದೆ. ದೂರುಗಳ ಒತ್ತಡದಿಂದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಿಸಿತು. ಮಲೆ ಮಹದೇಶ್ವರ ಬೆಟ್ಟದ ಮೇಲಿನ ಕಾರ್ಯಪಡೆಯ ಕ್ಯಾಂಪಿನಲ್ಲಿ ಹಿಂಸೆಗೆಂದೇ ಮೀಸಲಾಗಿತ್ತೆಂದು ಸಂತ್ರಸ್ತರು ಹೇಳುವ ಜಾಗಕ್ಕೆ ಜನರ ಬಾಯಲ್ಲಿ ‘ವರ್ಕ್‌ಶಾಪ್’ ಎಂಬ ಹೆಸರು. ಅಲ್ಲಿ ಕರೆಂಟ್ ಕೊಟ್ಟರೆಂಬ ಮಾತು ಒಬ್ಬರಿಬ್ಬರದಲ್ಲ. ಸಮಿತಿ 2003ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. 2007ರ ಜನವರಿಯಲ್ಲಿ ಆಯೋಗ 89 ಸಂತ್ರಸ್ತರಿಗೆ ಒಟ್ಟು ₹2.80 ಕೋಟಿ ಪರಿಹಾರ ಶಿಫಾರಸು ಮಾಡಿತು. ಹಳ್ಳಿಯವರ ನೋವು ಸರ್ಕಾರಿ ದಾಖಲೆಯೊಳಗೆ ಸೇರಿದ್ದು ಈ ಮಾರ್ಗದಲ್ಲಿ.

ನಡುವೆ ಬಂದದ್ದು ರಾಜ್‌ಕುಮಾರ್ ಅಪಹರಣ. 2000ದ ಜುಲೈ 30ರಂದು ದೊಡ್ಡಗಾಜನೂರಿನಿಂದ ನಟನನ್ನು ಕರೆದೊಯ್ದ ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಮೈಸೂರಿನ ಟಾಡಾ ಕೈದಿಗಳ ಬಿಡುಗಡೆಯೂ ಒಂದು. ಸರ್ಕಾರ ಟಾಡಾ ಆರೋಪಗಳನ್ನು ಹಿಂಪಡೆಯಲು ಹೊರಟಿತು. ಮೀಣ್ಯಂನಲ್ಲಿ ಮಗ ಶಕೀಲ್ ಅಹ್ಮದ್ ಅವರನ್ನು ಕಳೆದುಕೊಂಡಿದ್ದ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 7ರಂದು ನ್ಯಾಯಾಲಯ ಆ ಕ್ರಮವನ್ನು ರದ್ದುಮಾಡಿತು. ಕೈದಿಗಳ ಪರವಾಗಿದ್ದವರಿಗೆ ಇದು ಸೋಲೆಂದು ಅಂದು ತೋರಿದ್ದು ಸಹಜ. ದಾಖಲೆ ಬೇರೆ ಮಾತು ಹೇಳುತ್ತದೆ. ಒತ್ತೆಯಾಳಿನ ಬದಲಿಗೆ ಹೊರಬಂದಿದ್ದರೆ ಅವರೆಲ್ಲ ಕೊನೆಯವರೆಗೂ ವೀರಪ್ಪನ್ ಬಿಡಿಸಿಕೊಂಡ ಅವನ ಕಡೆಯವರೇ ಆಗಿರುತ್ತಿದ್ದರು. ವಿಚಾರಣೆ ಮುಗಿದು 2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪಿತ್ತಾಗ ನೂರಕ್ಕೂ ಹೆಚ್ಚು ಆರೋಪಿಗಳು ಖುಲಾಸೆಯಾದರು. ಮಗನನ್ನು ಕಳೆದುಕೊಂಡ ತಂದೆ ಕೇಳಿದ್ದು ವಿಚಾರಣೆ. ನಿರಪರಾಧಿಗೂ ಬೇಕಾಗಿದ್ದದ್ದು ಅದೇ.

ಕೊನೆಗೆ ಖುಲಾಸೆಯಾಯಿತಲ್ಲ, ವ್ಯವಸ್ಥೆ ಸರಿಯಾಗಿಯೇ ಕೆಲಸ ಮಾಡಿತಲ್ಲ ಎಂಬ ವಾದವಿದೆ. ಖುಲಾಸೆಯೆಂದರೆ ಸಾಕ್ಷ್ಯ ಸಾಲಲಿಲ್ಲ ಎಂದಷ್ಟೇ, ನಿರಪರಾಧಿ ಎಂದಲ್ಲ ಎಂಬ ಇನ್ನೊಂದು ವಾದವೂ ಇದೆ. ಎರಡೂ ಒಂದನ್ನೊಂದು ಹೊಡೆಯುತ್ತವೆ: ಖುಲಾಸೆಯಿಂದ ಕಳಂಕ ಹೋಗದಿದ್ದರೆ ವ್ಯವಸ್ಥೆ ಕೊಟ್ಟದ್ದಾದರೂ ಏನು? ತಪ್ಪೊಪ್ಪಿಗೆಯ ಮೇಲೆ ಶಿಕ್ಷೆಯೇ ಆಗಿಹೋದಾಗ ಏನಾಗುತ್ತದೆಂಬುದಕ್ಕೆ ಕಲಬುರಗಿಯ ಫಾರ್ಮಸಿ ವಿದ್ಯಾರ್ಥಿಯೊಬ್ಬರ ಪ್ರಕರಣ ಸಾಕ್ಷಿ. 1994ರ ಜನವರಿಯಲ್ಲಿ ಬಂಧನ, ಟಾಡಾ ಹೇಳಿಕೆಯ ಆಧಾರದ ಮೇಲೆ ಅಜ್ಮೇರಿನಲ್ಲಿ ಜೀವಾವಧಿ ಶಿಕ್ಷೆ, 2016ರ ಮೇ 11ರಂದು ಸುಪ್ರೀಂ ಕೋರ್ಟಿನಲ್ಲಿ ಖುಲಾಸೆ. ಆ ಹೊತ್ತಿಗೆ 23ನೇ ವರ್ಷ ನಡೆಯುತ್ತಿತ್ತು. ಪಾಲಾರ್ ಪ್ರಕರಣದಲ್ಲಿ ಶಿಕ್ಷೆಗೊಳಗಾದ ನಾಲ್ವರದು ಇನ್ನೊಂದು ಬಗೆ. ಮೈಸೂರಿನಲ್ಲಿ ಜೀವಾವಧಿಯಾಗಿದ್ದದ್ದನ್ನು 2004ರ ಜನವರಿ 29ರಂದು ಸುಪ್ರೀಂ ಕೋರ್ಟ್ ಗಲ್ಲು ಶಿಕ್ಷೆಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಬಿದ್ದಿದ್ದು 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾಯಿತು. ವಿಳಂಬದ ಕಾರಣಕ್ಕೆ 2014ರ ಜನವರಿ 21ರಂದು ಶಿಕ್ಷೆ ಮತ್ತೆ ಜೀವಾವಧಿಗೆ ಇಳಿಯಿತು. ಅದೇ ತೀರ್ಪಿನ ವ್ಯಾಪ್ತಿಗೆ ಬಂದ ಬೇರೆ ಕೆಲವು ಕೈದಿಗಳ ಪರ ಹಕ್ಕುಗಳ ಸಂಘಟನೆ ಪಿಯುಡಿಆರ್ ಅರ್ಜಿ ಹಾಕಿತ್ತು. ಈ ನಾಲ್ವರು ನಿರಪರಾಧಿಗಳೆಂದು ಯಾವ ನ್ಯಾಯಾಲಯವೂ ಹೇಳಿಲ್ಲ, ಇಲ್ಲಿಯೂ ಹಾಗೆ ಹೇಳುತ್ತಿಲ್ಲ. ಪ್ರಾಣ ಉಳಿಸುವ ಹೋರಾಟ ಮತ್ತು ನಿರಪರಾಧಿತ್ವ ಸಾಬೀತುಪಡಿಸುವ ಹೋರಾಟ ಎರಡು ಬೇರೆ ಎಂಬುದನ್ನು ಮರೆತರೆ ಎರಡಕ್ಕೂ ಪೆಟ್ಟು.

ಟಾಡಾ 1995ರಲ್ಲೇ ಮುಗಿದ ಕಥೆ ಎನ್ನುವವರು ಅದೇ ಮೈಸೂರಿನ ನ್ಯಾಯಾಲಯವೊಂದರ 2025ರ ಏಪ್ರಿಲ್ ಆದೇಶವನ್ನು ನೋಡಬೇಕು. ಅದು ಟಾಡಾ ಪ್ರಕರಣವಲ್ಲ, ಆದರೆ ಅನ್ಯಾಯ ಅದೇ ಬಗೆಯದು. ಕುಶಾಲನಗರದ ಕಡೆಯ ಆದಿವಾಸಿಯೊಬ್ಬರು ಹೆಂಡತಿಯನ್ನು ಕೊಂದ ಆರೋಪದ ಮೇಲೆ ಒಂದೂವರೆ ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದರು; ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತ ಕಾಣಿಸಿಕೊಂಡರು. ಸಿಕ್ಕಿದ್ದ ಅಸ್ಥಿಪಂಜರದ ಡಿಎನ್‌ಎ ಹೊಂದಿರಲಿಲ್ಲ, ಆದರೂ ವಿಚಾರಣೆ ಸಾಗಿತ್ತು. ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿ ₹1 ಲಕ್ಷ ಕೊಡಲು ಗೃಹ ಇಲಾಖೆಗೆ ಹೇಳಿತು. ಅದು ನ್ಯಾಯಾಧೀಶರ ವಿವೇಚನೆ. ಹಕ್ಕಾಗಿ ಕೇಳಿ ಪಡೆಯುವ ಕಾನೂನು ಇಲ್ಲ. ಅಂಥದೊಂದನ್ನು ಮಾಡಬೇಕೆಂದು ಕಾನೂನು ಆಯೋಗ 2018ರ ಆಗಸ್ಟಿನಲ್ಲಿ ತನ್ನ 277ನೇ ವರದಿಯಲ್ಲಿ ಹೇಳಿದೆ. ಸಂಸತ್ತು ಅಂಥ ಕಾಯ್ದೆ ಮಾಡಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 399ನೇ ಕಲಂ, ಸಕಾರಣವಿಲ್ಲದೆ ಬಂಧನಕ್ಕೊಳಗಾದವರಿಗೆ ಬಂಧಿಸಲು ಕಾರಣನಾದವನಿಂದ ಪರಿಹಾರ ಕೊಡಿಸುತ್ತದೆ. ಒಬ್ಬರಿಗೆ ಹೆಚ್ಚೆಂದರೆ ₹1,000.