ಒಬ್ಬ ಅಬ್ರಹಾಂ ಕಾನಾನಿನಲ್ಲಿ, ಇನ್ನೊಬ್ಬ ಮಂಗಳೂರಿನಲ್ಲಿ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಎಸ್‌ಎಸ್‌ಕೆ ಸಮಾಜದ ಹಿರಿಯರನ್ನ ‘ನಿಮ್ಮ ಮೂಲಪುರುಷ ಯಾರ್ರೀ?’ ಅಂತ ಕೇಳಿದರೆ ಉತ್ತರ ತಡವಾಗೋದಿಲ್ಲ: ಸಹಸ್ರಾರ್ಜುನ ಮಹಾರಾಜ. ಸಮಾಜದ ಹೆಸರಿನಲ್ಲೇ ಅವನಿದ್ದಾನೆ, ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಅಂತ. ಪುರಾಣದಲ್ಲಿ ಅವನ ಮಾಹಿಷ್ಮತಿ ಇರೋದು ದೂರದ ನರ್ಮದೆಯ ದಡದಲ್ಲಿ. ಊರು ಬಿಟ್ಟು ಬಂದವರು ಮನೆ ಹೊತ್ತು ತರೋಕೆ ಆಗಲ್ಲ, ಮೂಲಪುರುಷನನ್ನ ತರಬಹುದು.

ಇಂಥ ಮೂಲಪುರುಷರಲ್ಲಿ ಜಗತ್ತಿನ ದೊಡ್ಡ ಪಾಲು ಜನ ತಮ್ಮವನು ಅನ್ನೋದು ಅಬ್ರಹಾಮನನ್ನ. ಯಹೂದಿಗಳಿಗೆ ಅವನು ಮೊದಲ ಪಿತಾಮಹ, ಕ್ರೈಸ್ತರಿಗೆ ವಿಶ್ವಾಸಿಗಳ ತಂದೆ, ಮುಸ್ಲಿಮರಿಗೆ ಪ್ರವಾದಿ ಇಬ್ರಾಹಿಂ. ಬಕ್ರೀದ್ ದಿನ ನಮ್ಮ ಹುಬ್ಬಳ್ಳಿಯಲ್ಲಿ ನೆನೆಯೋದು ಅವನ ತ್ಯಾಗವನ್ನೇ.

ಅವನು ಬದುಕಿದ್ದ ಅನ್ನೋದಕ್ಕೆ ಶಾಸನ ಸಿಕ್ಕಿಲ್ಲ, ಇರೋದು ಗ್ರಂಥದ ಕಥೆ. ಹುಟ್ಟೂರಿನ ಹೆಸರು ‘ಊರ್’ ಅಂತಲೇ! 75ನೇ ವಯಸ್ಸಿನಲ್ಲಿ ದೇವರು ಹೊರಡು ಅಂದ, ಕಾನಾನ್ ನಾಡಿಗೆ ಹೊರಟ. ನಕ್ಷತ್ರಗಳಷ್ಟು ಸಂತಾನ ಕೊಡ್ತೀನಿ ಅನ್ನೋ ಮಾತು ಸಿಕ್ಕಿತ್ತು, ಮಕ್ಕಳಿರಲಿಲ್ಲ. ಹೆಂಡತಿ ಸಾರಾ ತನ್ನ ಈಜಿಪ್ಟಿನ ದಾಸಿ ಹಾಗರಳನ್ನ ಅವನಿಗೆ ಕೊಟ್ಟಳು, ಇಷ್ಮಾಯೇಲ ಹುಟ್ಟಿದ. ಅಬ್ರಹಾಮನಿಗೆ ನೂರಾದಾಗ ಸಾರಾಳಿಗೇ ಇಸಾಕ ಹುಟ್ಟಿದ. ಆಮೇಲೆ ಅವಳು ಹಟ ಹಿಡಿದಳು, ದೇವರೂ ಒಪ್ಪಿದ. ಬೆಳಿಗ್ಗೆ ಎದ್ದು ಅಬ್ರಹಾಂ ಹಾಗರಳಿಗೆ ರೊಟ್ಟಿ, ಒಂದು ತೊಗಲಚೀಲ ನೀರು ಕೊಟ್ಟು, ಮಗನ ಸಮೇತ ಮರುಭೂಮಿಗೆ ಕಳಿಸಿಬಿಟ್ಟ.

ಗ್ರಂಥ ಇದನ್ನ ಮುಚ್ಚಿಡಲಿಲ್ಲ. 13ನೇ ಶತಮಾನದ ಯಹೂದಿ ವ್ಯಾಖ್ಯಾನಕಾರ ನಹ್ಮಾನಿದಿಸ್, ಇದಕ್ಕೂ ಮೊದಲು ಗರ್ಭಿಣಿ ಹಾಗರಳನ್ನ ಸಾರಾ ಪೀಡಿಸಿದ್ದು ಪಾಪ, ಅದಕ್ಕೆ ಬಿಟ್ಟ ಅಬ್ರಹಾಮನದ್ದೂ ಪಾಪ ಅಂತ ನೇರವಾಗಿ ಬರೆದ. ಮೂಲಪುರುಷನ ತಪ್ಪನ್ನ ತಪ್ಪು ಅನ್ನೋಕೆ ಅವನ ಭಕ್ತಿ ಅಡ್ಡ ಬರಲಿಲ್ಲ ನೋಡಿ.

ಈಗ ನಮ್ಮ ಕರಾವಳಿಗೆ ಬನ್ನಿ. 12ನೇ ಶತಮಾನ. ಟ್ಯುನೀಶಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿದ್ದ. ಕಾಳುಮೆಣಸು, ಅಡಿಕೆ, ಕಬ್ಬಿಣ ಏಡನ್ನಿಗೆ ಕಳಿಸುತ್ತಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆಯೂ ಇತ್ತು. ಬೊಮ್ಮ ಅನ್ನೋ ದಾಸ ಅವನ ವ್ಯವಹಾರ ನೋಡಿಕೊಂಡು ಏಡನ್ನಿಗೆ ಹೋಗಿಬರುತ್ತಿದ್ದ. ಅಲ್ಲಿನ ವ್ಯಾಪಾರಿಗಳು ಪತ್ರದಲ್ಲಿ ಬೊಮ್ಮನಿಗೂ ಸಲಾಂ ತಿಳಿಸುತ್ತಿದ್ದರು.

ಈ ಅಬ್ರಹಾಮನ ಬದುಕಿಗೆ ದಾಖಲೆ ಇದೆ. ದೇವರ ಹೆಸರಿರಬಹುದಾದ ಕಾಗದ ಎಸೆಯಬಾರದು ಅಂತ ಕೈರೋದ ಬೆನ್ ಎಜ್ರಾ ಸಿನಗಾಗಿನ ಕೋಣೆಯೊಂದರಲ್ಲಿ ಹಾಕಿಟ್ಟಿದ್ದ ರಾಶಿಯಲ್ಲಿ ಅವನ ಪತ್ರಗಳು ಉಳಿದವು. ಅವನ ಕಾಗದಗಳಲ್ಲೊಂದು ವಿಮೋಚನಾ ಪತ್ರ: 1132ರ ಅಕ್ಟೋಬರ್ 17, ಮಂಗಳೂರು. ಅದರ ಪ್ರಕಾರ ಅವನು ಆಶು ಎಂಬ ದಾಸಿಯನ್ನ ಬಿಡುಗಡೆ ಮಾಡಿದ್ದಾನೆ. ಅವನ ಮಕ್ಕಳ ತಾಯಿ ಅವಳೇ ಅನ್ನೋದು ವಿದ್ವಾಂಸರ ಅಭಿಪ್ರಾಯ.

ಹಾಗರಳಿಗೆ ಸಿಕ್ಕಿದ್ದು ರೊಟ್ಟಿ-ನೀರು, ಆಶುವಿಗೆ ಸಿಕ್ಕಿದ್ದು ಕಾಗದ. ಬೆನ್ ಯಿಜುವನ್ನ ದೇವತೆ ಮಾಡೋದು ಬೇಡ, ಮೊದಲು ಅವನೇ ಅವಳ ಒಡೆಯ. ಆದರೂ ವ್ಯತ್ಯಾಸ ಸಣ್ಣದಲ್ಲ. ಯಹೂದಿ ಕಾನೂನಿನಲ್ಲಿ ಬಿಡುಗಡೆಯಾದ ದಾಸಿ ಸಮುದಾಯದ ಪೂರ್ಣ ಸದಸ್ಯೆ, ಅವಳಿಗೆ ಹುಟ್ಟುವ ಮಕ್ಕಳೂ ಹಾಗೇ. ಹೊಸದಾಗಿ ಆ ಧರ್ಮಕ್ಕೆ ಬಂದವರು ‘ಅಬ್ರಹಾಮನ ಮಗ’, ‘ಅಬ್ರಹಾಮನ ಮಗಳು’ ಅನ್ನಿಸಿಕೊಳ್ಳುತ್ತಾರೆ. ಅಂಥವರೊಬ್ಬರು, ನಾನು ಪ್ರಾರ್ಥನೆಯಲ್ಲಿ ‘ನಮ್ಮ ಪಿತೃಗಳ ದೇವರೇ’ ಅನ್ನಬಹುದಾ ಅಂತ ಕೇಳಿದ್ದಕ್ಕೆ, ಅದೇ 12ನೇ ಶತಮಾನದ ಮಹಾಪಂಡಿತ ಮೈಮಾನಿದಿಸ್ ಧಾರಾಳವಾಗಿ ಅನ್ನಿ ಅಂದಿದ್ದ: ಅಬ್ರಹಾಂ ನಿಮಗೂ ತಂದೆ.

ಆದರೆ ರಕ್ತದ ಸೆಳೆತ ಅಷ್ಟು ಸುಲಭಕ್ಕೆ ಬಿಡಲ್ಲ. 1149ರಲ್ಲಿ ಬೆನ್ ಯಿಜು ಮಕ್ಕಳೊಂದಿಗೆ ಏಡನ್ನಿಗೆ ಮರಳಿದ. ಏಡನ್ನಿನ ಸ್ಥಿತಿವಂತರ ಮನೆಯಿಂದ ಮಗಳು ಸಿತ್ ಅಲ್-ದಾರ್‌ಗೆ ಸಂಬಂಧ ಬಂದರೂ ಒಪ್ಪದೆ, ತನ್ನ ಸಹೋದರನ ಮಗನೇ ಆಗಬೇಕು ಅಂದ. 1156ರಲ್ಲಿ ಹಾಗೇ ಮದುವೆಯೂ ಆಯಿತು. (ಸೋದರಮಾವನ ಮಗ ಅಂದಿದ್ದರೆ ನಮ್ಮ ಕಡೆ ಸರಿ, ದೊಡ್ಡಪ್ಪ-ಚಿಕ್ಕಪ್ಪನ ಮಗ ಅಂದ್ರೆ ಅಣ್ಣ ಆಗ್ತಾನಲ್ಲ!) ಹಳೆಯ ಅಬ್ರಹಾಮನೂ ಇಸಾಕನಿಗೆ ಕಾನಾನಿನ ಹುಡುಗಿ ಬೇಡ ಅಂತ ತನ್ನ ಬಳಗದಲ್ಲೇ ಹೆಣ್ಣು ಹುಡುಕಿಸಿದ್ದ.

ಮೂಲಪುರುಷ ಬಿಟ್ಟುಹೋಗೋದು ಹೀಗೆ ಎರಡನ್ನೂ: ನಮ್ಮವರು ಯಾರು ಅನ್ನೋ ಗೆರೆ, ಮತ್ತು ಆ ಗೆರೆ ದಾಟಿ ಬಂದವರಿಗೆ ಕೊಡಬಹುದಾದ ಒಂದು ಹೆಸರು. ಯಾವುದನ್ನ ಬಳಸಬೇಕು ಅನ್ನೋದು ಮೊಮ್ಮಕ್ಕಳಿಗೆ ಬಿಟ್ಟಿದ್ದು. ಅಬ್ರಹಾಂ 175 ವರ್ಷಕ್ಕೆ ತೀರಿಕೊಂಡಾಗ ಅವನನ್ನ ಮಣ್ಣು ಮಾಡೋಕೆ ಬಂದವರು ಇಬ್ಬರು ಅಂತ ಗ್ರಂಥ ಹೇಳುತ್ತೆ. ಒಬ್ಬ ಮನೆಯಲ್ಲಿ ಉಳಿದ ಇಸಾಕ, ಇನ್ನೊಬ್ಬ ಮರುಭೂಮಿಗೆ ಕಳಿಸಿದ್ದ ಇಷ್ಮಾಯೇಲ.