ತೆರೆಯ ಮೇಲೊಂದು ಮಂಗ

ಮಗುವೊಂದು ನಿಮ್ಮ ಮೊಬೈಲಿನ ತೆರೆಯನ್ನು ಮನಬಂದಂತೆ ಒತ್ತಿದರೂ ಆ್ಯಪ್ ಸ್ಥಗಿತಗೊಳ್ಳಬಾರದು, ಅಲ್ಲವೇ? ಇದನ್ನು ಪರೀಕ್ಷಿಸುವ ಕೆಲಸವನ್ನು ತಂತ್ರಾಂಶಕ್ಕೇ ಒಪ್ಪಿಸುವ ಉಪಾಯ ಸ್ಮಾರ್ಟ್‌ಫೋನಿಗಿಂತ ಹಳೆಯದು.

1983ರಲ್ಲಿ ಆಪಲ್ ಸಂಸ್ಥೆ ಮ್ಯಾಕಿಂಟಾಷ್ ಗಣಕವನ್ನು ಸಿದ್ಧಪಡಿಸುತ್ತಿತ್ತು. ಅದರ ಸ್ಮೃತಿ ಕೇವಲ 128 ಕಿಲೋಬೈಟ್. ಸ್ಮೃತಿ ತುಂಬಿದ ಗಳಿಗೆಯಲ್ಲಷ್ಟೇ ತಲೆಯೆತ್ತುವ ದೋಷಗಳನ್ನು ಕೈಯಿಂದ ಹುಡುಕುವುದು ಕಷ್ಟ. ಆಗ ಸ್ಟೀವ್ ಕ್ಯಾಪ್ಸ್ 'ಮಂಕಿ' ಎಂಬ ಪುಟ್ಟ ತಂತ್ರಾಂಶ ಬರೆದರು. ಮೌಸ್ ಮತ್ತು ಕೀಲಿಮಣೆಯಿಂದಲೇ ಬಂದವೋ ಎಂಬಂಥ ಸಂಕೇತಗಳನ್ನು ಅದು ಗೊತ್ತುಗುರಿಯಿಲ್ಲದೆ ಕಳಿಸುತ್ತಿತ್ತು. ಮಂಗನ ಕೈಗೆ ಮಾಣಿಕ್ಯ ಕೊಟ್ಟದ್ದು ಇಲ್ಲಿ ಬೇಕೆಂದೇ!

ಆದರೆ ಎಲ್ಲೆಂದರಲ್ಲಿ ಒತ್ತುವ ಮಂಗ 'ಮುಕ್ತಾಯ'ದ ಆದೇಶವನ್ನೂ ಒತ್ತಿಬಿಡುತ್ತಿತ್ತು. ಪರೀಕ್ಷೆ ಅಲ್ಲಿಗೇ ನಿಲ್ಲುತ್ತಿತ್ತು. ಮ್ಯಾಕ್‌ಪೇಂಟ್ ರಚಿಸಿದ ಬಿಲ್ ಅಟ್ಕಿನ್‌ಸನ್ ಇದಕ್ಕೆ ಸರಳ ಪರಿಹಾರ ಸೂಚಿಸಿದರು: ಸ್ಮೃತಿಯಲ್ಲಿ 'ಮಂಕಿಲೈವ್ಸ್' ಎಂಬ ಗುರುತು. ಅದು ಕಂಡರೆ ತಂತ್ರಾಂಶ ಮುಕ್ತಾಯದ ಆದೇಶಕ್ಕೆ ತಡೆ ಹಾಕುತ್ತಿತ್ತು. ಮಂಗ ರಾತ್ರಿಯಿಡೀ ಕುಣಿಯಿತು.

ಆಂಡ್ರಾಯ್ಡ್‌ನಲ್ಲಿರುವ ಇಂಥ ಸಾಧನದ ಹೆಸರೂ 'ಮಂಕಿ'. ಆರಂಭದಲ್ಲಿ ಅದೇ ಸಂಖ್ಯೆ ಕೊಟ್ಟರೆ ಅದು ಅದೇ ಒತ್ತುಗಳ ಸರಣಿಯನ್ನು ಮತ್ತೆ ಹುಟ್ಟಿಸುತ್ತದೆ. ದೋಷ ಪತ್ತೆಗೆ ಇದು ದೊಡ್ಡ ಅನುಕೂಲ. ಬಳಸುತ್ತಿರುವುದು ಮಂಗವೇ ಎಂದು ಆ್ಯಪ್ ಕೇಳಿ ತಿಳಿಯುವ ಸೌಲಭ್ಯ 2010ರ ಆಂಡ್ರಾಯ್ಡ್ 2.2ರಲ್ಲಿ ಬಂತು. ಆದರೂ ಈ ಮಂಗಕ್ಕೆ ಗೊತ್ತಾಗುವುದು ಆ್ಯಪ್ ಕುಸಿದದ್ದು ಅಥವಾ ಸ್ತಬ್ಧವಾದದ್ದು ಮಾತ್ರ. 100 ರೂಪಾಯಿ ಎಂದಿರಬೇಕಾದಲ್ಲಿ 1000 ಎಂದು ತೆರೆಯ ಮೇಲೆ ಮೂಡಿದರೆ, ಅದು ಮುಂದಿನ ಗುಂಡಿ ಒತ್ತುತ್ತದೆ.