ನಾಲ್ಕು ದಿನದಲ್ಲಿ ಕಟ್ಟುವ ದೋಣಿ: ಕೃಷ್ಣಾ ತೀರದ ಹರಿಗೋಲಿನ ಇತಿಹಾಸ

ಇವತ್ತು ಮಾತಾಡೋದು ಹರಿಗೋಲಿನ ಬಗ್ಗೆ. ಕೃಷ್ಣೆಯ ಆಚೆ ದಂಡೆಯಲ್ಲಿ, ಮಕ್ತಲ್, ಗದ್ವಾಲ ಕಡೆ, ತೆಲುಗಿನವರು ಇದಕ್ಕೆ ‘ಪುಟ್ಟಿ’ ಅಂತಾರೆ. ಹೆಸರು ಬೇರೆ, ವಸ್ತು ಒಂದೇ: ಬಿದಿರಿನ ದುಂಡನೆ ಬುಟ್ಟಿ, ಅದಕ್ಕೆ ನೀರು ಹಿಡಿಯದ ಹೊದಿಕೆ. ನನ್ನ ಪ್ರಶ್ನೆ ಸರಳವಾದದ್ದು. ರಾಯಚೂರು ದೋಆಬ್ ಅಂದರೆ ಎರಡು ನದಿಗಳ ನಡುವಿನ ನಾಡು. ಇಲ್ಲಿಗೆ ಬಂದ ಸೈನ್ಯಗಳೆಲ್ಲ ಹೊಳೆ ದಾಟಲೇಬೇಕಿತ್ತು. ಹಾಗಿದ್ದರೂ ದಾಟಿಸಿದ ದೋಣಿ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಯಾಕೆ ಕಾಣೋದಿಲ್ಲ?

ಮೊದಲು ಕಟ್ಟುವ ಕ್ರಮ ನೋಡೋಣ. ಹಸಿ ಬಿದಿರನ್ನು ಸೀಳಿ ಉದ್ದನೆ ದಬ್ಬೆ ಮಾಡ್ತಾರೆ. ಅವನ್ನು ನೆಲದ ಮೇಲೆ ಅಡ್ಡ, ಉದ್ದ, ಓರೆಯಾಗಿ ಹಾಸಿ ಚಾಪೆಯ ಹಾಗೆ ಹೆಣೀತಾರೆ. ಇದು ತಳ. ಆಮೇಲೆ ತುದಿಗಳನ್ನು ಸುತ್ತಲೂ ಮೇಲಕ್ಕೆ ಬಾಗಿಸಿ, ಅಂಚಿಗೆ ಹಲವು ದಬ್ಬೆಗಳನ್ನು ಸೇರಿಸಿದ ದಪ್ಪ ಬಳೆ ಕಟ್ಟುತ್ತಾರೆ. ದೋಣಿಯ ಬಲವೆಲ್ಲ ಈ ಬಳೆಯಲ್ಲಿದೆ. ಹಿಂದೆ ಹೊರಗಡೆ ಹೊಲಿದ ಎತ್ತು, ಎಮ್ಮೆಗಳ ತೊಗಲು ಇರುತ್ತಿತ್ತು. ಈಗ ಪ್ಲಾಸ್ಟಿಕ್ ಚೀಲ ಅಥವಾ ತಾಡಪಾಲು, ಅದರ ಮೇಲೆ ಕಾಯಿಸಿದ ಡಾಂಬರು. ಮೊಳೆ ಬೇಡ, ಹಲಗೆ ಬೇಡ. ಮೀನುಗಾರನ ಸಣ್ಣ ಹರಿಗೋಲನ್ನು ಒಬ್ಬನೇ ತಲೆ ಮೇಲೆ ಬೋರಲು ಹಾಕಿಕೊಂಡು ಮನೆಗೆ ಒಯ್ಯಬಹುದು. ತಳ ಚಪ್ಪಟೆಯಾದ್ದರಿಂದ ಬಂಡೆಗಳಿರುವ ತೆಳು ನೀರಲ್ಲೂ ನಡೀತದೆ. ನಮ್ಮ ಕೃಷ್ಣೆ ಬೇಸಿಗೆಯಲ್ಲಿ ಹಾಗೇ ಇರೋದಲ್ವಾ?

ಇನ್ನು ದಾಖಲೆಗಳಿಗೆ ಬರೋಣ. ಬಿಜಾಪುರದಲ್ಲಿದ್ದುಕೊಂಡು 17ನೇ ಶತಮಾನದ ಆರಂಭದಲ್ಲಿ ಪಾರ್ಸಿಯಲ್ಲಿ ಇತಿಹಾಸ ಬರೆದ ಫಿರಿಶ್ತಾ ಎರಡು ಪ್ರಸಂಗ ಕೊಡ್ತಾನೆ. ಒಂದು 1398ರ ಆಸುಪಾಸಿನದು. ಬಹಮನಿ ಸುಲ್ತಾನ ಫಿರೋಜ್ ಶಾ ಕೃಷ್ಣೆಯ ದಂಡೆಯಲ್ಲಿ ನಿಂತಿದ್ದಾನೆ, ಹೊಳೆ ತುಂಬಿದೆ, ಎದುರು ದಂಡೆಯಲ್ಲಿ ವಿಜಯನಗರದ ಸೈನ್ಯ. ಆಗ ತೊಗಲು ಹೊದಿಸಿದ ನೂರಾರು ಬುಟ್ಟಿಗಳನ್ನು ಸ್ವಲ್ಪ ಸಮಯದಲ್ಲೇ ಸಿದ್ಧ ಮಾಡಿದರಂತೆ. ಎರಡನೆಯದು 1520ರ ರಾಯಚೂರು ಯುದ್ಧದ್ದು. ಇಸ್ಮಾಯಿಲ್ ಆದಿಲ್ ಶಾ ದೋಣಿ ಎಷ್ಟು ತಯಾರಾಗಿವೆ ಅಂತ ಕೇಳಿದಾಗ, ತೊಗಲಿನ ಬುಟ್ಟಿ ನೂರು ಸಿದ್ಧವಿದೆ, ಉಳಿದವು ಕೆಲವೇ ದಿನಗಳಲ್ಲಿ ಮುಗೀತವೆ ಅನ್ನೋ ಉತ್ತರ ಬಂತು. ಅವನು ಕಾಯಲಿಲ್ಲ. ಕುಡಿದ ಅಮಲಿನಲ್ಲಿ ಅರ್ಧ ತಯಾರಿಯಲ್ಲೇ ದಾಟಿ ಕೃಷ್ಣದೇವರಾಯನ ಎದುರು ಸೋತ ಅನ್ನುವುದು ಫಿರಿಶ್ತಾನ ಕಥನ. ಸುಮಾರು ಅದೇ ಕಾಲದಲ್ಲಿ ವಿಜಯನಗರ ಕಂಡ ಪೋರ್ತುಗೀಸ ಪಾಯಸ್ ಕೂಡ ಆನೆಗೊಂದಿಯ ಬಳಿ ಈ ದುಂಡು ದೋಣಿಗಳನ್ನು ನೋಡಿ, ಒಂದೊಂದು 15-20 ಜನರನ್ನು ಹೊರುತ್ತದೆ, ನೇರ ಹೋಗದೆ ತಿರುಗುತ್ತಲೇ ಸಾಗುತ್ತದೆ ಅಂತ ಬರೆದ.

‘ಕೆಲವೇ ದಿನಗಳಲ್ಲಿ’ ಅನ್ನೋ ಮಾತು ಗಮನಿಸಿ. ಇದಕ್ಕೆ ಬಂದರು ಬೇಡ, ನೌಕಾಖಾನೆ ಬೇಡ. ದಂಡೆಯ ಊರುಗಳಲ್ಲಿ ಬಿದಿರು ಹೆಣೆಯುವ ಮೇದಾರರು, ತೊಗಲು ಹೊಲಿಯುವ ಸಮಗಾರರು, ಹುಟ್ಟು ಹಾಕುವ ಅಂಬಿಗರು ಇದ್ದರೆ ಸಾಕು. ಚರಿತ್ರೆಕಾರ ಬುಟ್ಟಿಗಳ ಲೆಕ್ಕ ಕೊಟ್ಟ, ಕಟ್ಟಿದವರನ್ನು ಹೇಳಲಿಲ್ಲ. ಬಿದಿರು, ತೊಗಲು ಎರಡೂ ಮಣ್ಣಲ್ಲಿ ಕರಗುವಂಥವು, ಉತ್ಖನನದಲ್ಲೂ ಸಿಗೋದಿಲ್ಲ. ಅಗ್ಗದ ವಸ್ತು ಎಲ್ಲರ ಕೈಗೆ ಎಟುಕಿತು, ಆ ಕಾರಣಕ್ಕೇ ದಾಖಲೆಯಿಂದ ಜಾರಿತು. ನನ್ನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇದು.

ಈ ಅಗ್ಗಕ್ಕೆ ಇನ್ನೊಂದು ಮುಖವಿದೆ. 1871ರಲ್ಲಿ ಬೊಂಬಾಯಿ ಮತ್ತು ಮದ್ರಾಸ್ ಕಡೆಯ ರೈಲು ಮಾರ್ಗಗಳು ರಾಯಚೂರಲ್ಲಿ ಕೂಡಿದವು, ಕೃಷ್ಣೆಗೆ ಸೇತುವೆ ಬಂತು. ಆದರೆ ನದಿ ನಡುವಿನ ಊರುಗಳಿಗೆ ಅದರಿಂದ ಏನೂ ಆಗಲಿಲ್ಲ. 1956ರವರೆಗೆ ಗದ್ವಾಲ ರಾಯಚೂರು ಜಿಲ್ಲೆಯಲ್ಲೇ ಇತ್ತು. ಭಾಷಾವಾರು ಪ್ರಾಂತ ಆದ ಮೇಲೆ ಅದು ಆಂಧ್ರಕ್ಕೆ, ಈಗ ತೆಲಂಗಾಣಕ್ಕೆ ಸೇರಿದೆ. ಕುರ್ವಕಲಾ ನಡುಗಡ್ಡೆಯವರಿಗೆ ಮಾತ್ರ ಮಕ್ತಲ್ ತಾಲ್ಲೂಕಿನ ಪಂಚದೇವಪಹಾಡ ಇವತ್ತಿಗೂ ಸಂತೆ-ಸಾಮಾನಿನ ದಾರಿ. ‘ಕುರುವ’ ಅಂದರೇ ಹಳಗನ್ನಡದಲ್ಲಿ ನಡುಗಡ್ಡೆ. 2020ರ ಆಗಸ್ಟ್‌ನಲ್ಲಿ ಹೊಳೆ ತುಂಬಿದ್ದಾಗ ಈ ದಾರಿಯಲ್ಲಿ 13 ಜನರಿದ್ದ ಹರಿಗೋಲು ಮಗುಚಿತು. 9 ಮಂದಿ ಪಾರಾದರು, ನಾಲ್ವರು ನೀರಲ್ಲಿ ಕಣ್ಮರೆಯಾದರು. ಇದನ್ನು ದೋಣಿಯ ದೋಷ ಅಂತ ನಾನು ಹೇಳೋದಿಲ್ಲ. ಬೇಸಿಗೆಯ ತೆಳು ನೀರಿಗೆ, ಮೀನಿಗೆ ಹೇಳಿ ಮಾಡಿಸಿದಂಥದ್ದು ಅದು. ಅದನ್ನೇ ಮಳೆಗಾಲದಲ್ಲೂ ಸೇತುವೆಯ ಬದಲಿಗೆ ನಂಬಿ ಇರಿ ಅಂತ ಒಂದು ಊರನ್ನು ಬಿಡೋದು ಬೇರೆ ಮಾತು.

ಕೊನೆಗೆ ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: “ಹವ್ಯಾಸಕ್ಕೆ ಮನೆಯಲ್ಲೇ ಒಂದು ಕಟ್ಟಬಹುದಾ ಸರ್?” ಕಟ್ಟಬಹುದ್ರಿ. ಬಿದಿರು, ಹಗ್ಗ, ತಾಡಪಾಲು, ಡಾಂಬರು, ನಾಲ್ಕು ದಿನದ ದುಡಿಮೆ. ಹುಟ್ಟನ್ನು ಪಕ್ಕಕ್ಕೆ ಹಾಕಿದರೆ ದೋಣಿ ಗಿರಗಿರನೆ ತಿರುಗುತ್ತದೆ. ಮುಂದಕ್ಕೆ ಚಾಚಿ ತನ್ನ ಕಡೆ ಎಳೆದುಕೊಳ್ಳಬೇಕು. ಮೊದಲು ನಿಂತ ನೀರಲ್ಲಿ, ಜೀವರಕ್ಷಕ ಜಾಕೆಟ್ ಹಾಕಿಕೊಂಡು ಕಲಿಯಿರಿ; ತುಂಬಿದ ಹೊಳೆಗೆ ಇಳಿಯಲೇಬೇಡಿ. ಒಂದು ವಿನಂತಿ ಇದೆ. ಪುಸ್ತಕ ನೋಡಿ ಕಟ್ಟಬೇಡಿ, ದಂಡೆಯ ಊರಲ್ಲಿ ಕಟ್ಟುವ ಹಿರಿಯರ ಹತ್ತಿರ ಕೂತು ಕಟ್ಟಿ. ಎಷ್ಟು ದಬ್ಬೆ, ಯಾವ ಗಂಟು, ಯಾವ ಹೆಸರು ಎಲ್ಲವನ್ನೂ ಅವರ ಮಾತಲ್ಲೇ ಬರೆದಿಟ್ಟುಕೊಳ್ಳಿ, ಕನ್ನಡದ್ದೂ ತೆಲುಗಿನದ್ದೂ. ಫಿರಿಶ್ತಾ ಬಿಟ್ಟ ಭಾಗವನ್ನು ನಾವು ಬರೆಯೋಕೆ ಇನ್ನೂ ಅವಕಾಶ ಇದೆ.